ಸ್ಕಾಲರ್‌ಶಿಪ್ ಅರ್ಜಿಗೆ ಮುಂಚೆ ಅಜ್ಜನ ಶಾಲೆ ಹುಡುಕಿ

ನಾನು ಮುಂಬೈಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಭಾನುವಾರ ನಮ್ಮ ಕಡೆಯ ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ ತುಂಬಿಸಿ ಕೊಡುತ್ತೇನೆ. ಹೆಚ್ಚಿನವರ ಅಪ್ಪ ಅಮ್ಮ ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು.

ಮಾರ್ಕ್ಸ್ ಎಷ್ಟು ಅಂತ ಆಮೇಲೆ ಕೇಳುತ್ತೇನೆ. ಮೊದಲ ಪ್ರಶ್ನೆ, "ನಿಮ್ಮಜ್ಜ ಮುಂಬೈಗೆ ಬಂದದ್ದು ಯಾವಾಗ?"

ಮಹಾರಾಷ್ಟ್ರದಲ್ಲಿ ಎಸ್‌ಸಿ ಸವಲತ್ತು ಸಿಗಬೇಕಾದರೆ ಮನೆತನ 1950ರ ಆಗಸ್ಟ್ 10ಕ್ಕೆ ಮೊದಲೇ ಇಲ್ಲಿ ನೆಲೆಸಿತ್ತು ಅಂತ ತೋರಿಸಬೇಕು. ಒಬಿಸಿಗೆ ಆ ದಿನ 1967ರ ಅಕ್ಟೋಬರ್ 13. ಊರಲ್ಲಿ ಎಸ್‌ಸಿ ಆದವನ ಮಗಳು ಇಲ್ಲೇ ಹುಟ್ಟಿ, ಇಲ್ಲೇ ಓದಿದರೂ ಕಾಲೇಜಿನ ಫಾರ್ಮಿನಲ್ಲಿ 'ಓಪನ್', ಅಂದರೆ ಮೀಸಲಾತಿ ಇಲ್ಲದ ಸಾಮಾನ್ಯ ವರ್ಗ, ಆಗುತ್ತಾಳೆ. ಜಾತಿ ಮಾತ್ರ ಅದೇ ರೈಲು ಹತ್ತಿ ಜೊತೆಗೆ ಬಂದಿರುತ್ತದೆ, ಅಲ್ವಾ?

ಅಜ್ಜ ಮೊದಲೇ ಬಂದಿದ್ದರೆ ದಾಖಲೆ ಹುಡುಕಬೇಕು. ನನಗೆ ಜಾಸ್ತಿ ಕೈಹಿಡಿದದ್ದು ಮಹಾನಗರಪಾಲಿಕೆಯ ಕನ್ನಡ ಶಾಲೆಗಳ ಹಳೇ ರಿಜಿಸ್ಟರ್. ಅಜ್ಜನೋ ಅವರ ಅಣ್ಣನೋ ಅಲ್ಲಿ ಎರಡನೇ ಕ್ಲಾಸಿನವರೆಗೆ ಹೋಗಿದ್ದರೂ ಸಾಕು. ಹೆಸರು, ಜಾತಿ, ತಾರೀಖು ಒಂದೇ ಕಡೆ ಸಿಗುತ್ತವೆ. ಅಡ್ಡಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ತರಹ ಇರುತ್ತದೆ, ಅದಕ್ಕೆ ಅಫಿಡವಿಟ್ ಮಾಡಿಸುತ್ತೇವೆ.

ಆಮೇಲೆ ಬಂದವರಿಗೆ ಆದಾಯದ ದಾರಿ ಹಿಡಿಸುತ್ತೇನೆ. ಮನೆಯ ಆದಾಯ ವರ್ಷಕ್ಕೆ 8 ಲಕ್ಷದೊಳಗಿದ್ದರೆ ರಾಜರ್ಷಿ ಶಾಹು ಮಹಾರಾಜರ ಹೆಸರಿನ ಶುಲ್ಕ ಯೋಜನೆ ಇದೆ. ಸರ್ಕಾರದ ಕ್ಯಾಪ್ (ಕೇಂದ್ರೀಕೃತ ಪ್ರವೇಶ) ಸುತ್ತಿನಲ್ಲಿ ವೃತ್ತಿಪರ ಕೋರ್ಸಿನ ಸೀಟು ಸಿಕ್ಕ, ಅದೇ ಆದಾಯ ಮಿತಿಯೊಳಗಿನ ಅರ್ಹ ಹುಡುಗಿಯರಿಗೆ 2024ರಿಂದ ಬೋಧನಾ ಶುಲ್ಕ ಪೂರ್ತಿ ಮಾಫಿ. ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಇಲ್ಲ.

ಇಲ್ಲೂ ಡೊಮಿಸೈಲ್, ಅಂದರೆ ಈ ರಾಜ್ಯದ ನಿವಾಸಿ ಅನ್ನುವ ಪ್ರಮಾಣಪತ್ರ, ಬೇಕು. ಅದಕ್ಕೆ 15 ವರ್ಷದ ವಾಸ ತೋರಿಸಬೇಕು. ಬಾಡಿಗೆ ಜೋಪಡಿ ಬದಲಿಸುತ್ತಲೇ ಬದುಕಿದವರು ಅಷ್ಟು ವರ್ಷದ ಕರೆಂಟ್ ಬಿಲ್ಲು ಎಲ್ಲಿಂದ ತರಬೇಕು? ಬಾಲವಾಡಿಯಿಂದ ಹಿಡಿದು ಓದಿದ ಪ್ರತಿ ಶಾಲೆಯ ಬೋನಾಫೈಡ್ (ಅಲ್ಲಿ ಓದಿದ್ದಕ್ಕೆ ಶಾಲೆ ಕೊಡುವ ಪತ್ರ), ಲೀವಿಂಗ್ ಸರ್ಟಿಫಿಕೇಟ್ ಜೋಡಿಸಿ ವರ್ಷ ತುಂಬಿಸುತ್ತೇವೆ. ಇದು ಅಡ್ಮಿಷನ್ ವಾರದಲ್ಲಿ ಆಗುವ ಕೆಲಸವಲ್ಲ. ಹನ್ನೊಂದನೇ ಕ್ಲಾಸಿನಲ್ಲೇ ಶುರು ಮಾಡಿ.

ಊರಿನ ಎಸ್‌ಸಿ, ಎಸ್‌ಟಿ ಪ್ರಮಾಣಪತ್ರ ಸುಮ್ನೆ ಟ್ರಂಕಿನಲ್ಲಿ ಇಡಬೇಡಿ. ಐಐಟಿ ಬಾಂಬೆಯಂಥ ಕೇಂದ್ರ ಸಂಸ್ಥೆಗಳಲ್ಲಿ ಅದು ನಡೆಯುತ್ತದೆ. ಆ ಐಐಟಿ ಇರುವ ಪವಯಿಯ ಪಕ್ಕದಲ್ಲೇ ಇದ್ದು ಇದನ್ನು ಕೇಳಿಯೇ ಇಲ್ಲದ ಮನೆಗಳು ಎಷ್ಟೋ.

ಇನ್ನೊಂದು ಮಾತು. ಮಹಾಡಿಬಿಟಿ, ಅಂದರೆ ಮಹಾರಾಷ್ಟ್ರ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್, ಅದರ ಹಣ ಬರುವುದು ಆಧಾರ್ ಜೋಡಿಸಿದ ಖಾತೆಗೆ. ಆಧಾರಿನಲ್ಲಿ ಅಪ್ಪನ ಹಳೇ ಮೊಬೈಲ್ ನಂಬರ್ ಇದ್ದರೆ ಒಟಿಪಿ ಬರುವುದಿಲ್ಲ. ಮೊದಲು ಅದನ್ನು ಬದಲಿಸಿಕೊಂಡು ಬನ್ನಿ, ಆಮೇಲೆ ಅರ್ಜಿಗೆ ಕೂರೋಣ.