ಹಳೆ ಕಾರಿಗೆ ಸ್ಪೇಸರ್ ಹಾಕ್ತೀರಾ? ಮೊದಲು ಬೋಲ್ಟಿನ ಸುತ್ತು ಎಣಿಸಿ

ಭಾನುವಾರ ಬೆಳಿಗ್ಗೆ ಬೆಳಗಾವಿಯಿಂದ ಚೋರ್ಲಾ ಘಾಟ್ ಕಡೆ ಹೊರಡುವ ಹಳೆ ಕಾರುಗಳನ್ನು ಗಮನಿಸಿ. ಹೋಂಡಾ ಸಿಟಿ ವಿಟೆಕ್, ಪಾಲಿಯೊ 1.6, ಆಕ್ಟೇವಿಯಾ ಆರ್‌ಎಸ್. ಎಂಜಿನ್ ಇನ್ನೂ ಗಟ್ಟಿ, ಗಾಲಿ ಮಾತ್ರ ಮಡ್‌ಗಾರ್ಡ್ ಒಳಗೆ ಮುದುಡಿ ಕೂತಿರುತ್ತದೆ. ಅದಕ್ಕೇ ಸ್ಪೇಸರ್ ಆಸೆ. ಹಬ್‌ಗೂ (ಗಾಲಿ ಬಂದು ಕೂರುವ ಲೋಹದ ಭಾಗ) ಗಾಲಿಗೂ ನಡುವೆ ಒಂದು ಅಲ್ಯೂಮಿನಿಯಂ ಬಿಲ್ಲೆ ಕೂರಿಸಿದರೆ ಗಾಲಿ ಅಷ್ಟು ಹೊರಗೆ ಬರುತ್ತದೆ. ಕೇಳಲು ಸಲೀಸು. ಆದರೆ ಜನ ದಪ್ಪ ನೋಡಿ ಬಿಲ್ಲೆ ಕೊಳ್ಳುತ್ತಾರೆ, ಬೋಲ್ಟ್ ಮರೆತೇಬಿಡುತ್ತಾರೆ.

ಮೊದಲು ಅಳತೆ. ಕಾರನ್ನು ಸಮ ನೆಲದಲ್ಲಿ ನಿಲ್ಲಿಸಿ, ಒಂದು ದಾರಕ್ಕೆ ನಟ್ ಕಟ್ಟಿ ಮಡ್‌ಗಾರ್ಡ್ ಅಂಚಿನಿಂದ ಇಳಿಬಿಡಿ. ದಾರಕ್ಕೂ ಟೈರಿಗೂ ನಡುವೆ ಎಷ್ಟು ಮಿ.ಮೀ ಇದೆಯೋ ಅದರಲ್ಲಿ ಕನಿಷ್ಠ 5 ಕಳೆಯಿರಿ. ಉಳಿದದ್ದೇ ನಿಮ್ಮ ಮಿತಿ. ಹಿಂದೆ 15, ಮುಂದೆ 10ಕ್ಕಿಂತ ಜಾಸ್ತಿ ಬೇಡ ಅನ್ನುವುದು ನನ್ನ ಖಡಾಖಂಡಿತ ಮಾತು. ಮುಂದೆ ದಪ್ಪ ಹೆಚ್ಚಿದಷ್ಟೂ ಗುಂಡಿ ಸಿಕ್ಕಾಗಲೆಲ್ಲ ಸ್ಟೀರಿಂಗ್ ಕೈಯಲ್ಲಿ ಎಳೆದಾಡುತ್ತದೆ, ಬೇರಿಂಗ್ ಬೇಗ ಸವೆಯುತ್ತದೆ. ಟೈರ್ ಮಡ್‌ಗಾರ್ಡ್ ದಾಟಿ ಹೊರಗೆ ಬಂದರೆ ಪೊಲೀಸರಿಗೂ ಕಾಣುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಾರ್ಪಾಟಿನ ಬಗ್ಗೆಯೇ ಇದೆ. ವಿಮೆ ಕಂಪನಿಗೂ ಮೊದಲೇ ತಿಳಿಸಿ.

ಆಮೇಲೆ ತೂತಿನ ಲೆಕ್ಕ. ಸಿಟಿಗೆ 4x100, ಅಂದರೆ 100 ಮಿ.ಮೀ ವ್ಯಾಸದ ವೃತ್ತದ ಮೇಲೆ ನಾಲ್ಕು ಬೋಲ್ಟ್ ತೂತು, ನಡುತೂತು 56.1 ಮಿ.ಮೀ. ಮೊದಲ ತಲೆಮಾರಿನ ಆಕ್ಟೇವಿಯಾಗೆ 5x100, 57.1. ಪಾಲಿಯೊಗೆ 4x98, 58.1. '2 ಮಿ.ಮೀ ತಾನೇ' ಅಂತ 4x100 ಬಿಲ್ಲೆಯನ್ನು ಪಾಲಿಯೊಗೆ ಬಡಿದು ಕೂರಿಸುವವರನ್ನು ನೋಡಿದ್ದೇನೆ. ಬೋಲ್ಟ್ ಓರೆಯಾಗಿ ಹೋಗುತ್ತದೆ, ಅದರ ದಾರ (ಥ್ರೆಡ್) ಕೆಡುತ್ತದೆ. ಗಾಲಿ ಬದಲಾಗಿದ್ದರೆ ಅಂಗಡಿಯವನ ಪಟ್ಟಿ ನಂಬಬೇಡಿ. ವರ್ನಿಯರ್ ಹಿಡಿದು ನೀವೇ ಅಳೆಯಿರಿ.

ಗಾಲಿಯನ್ನು ನಡುಮಧ್ಯೆ ಹಿಡಿಯುವುದು ಹಬ್ಬಿನ ಅಂಚು. ಹಾಗಾಗಿ ಬಿಲ್ಲೆ ಒಳಗಡೆ ಹಬ್‌ಗೆ ಬಿಗಿಯಾಗಿ ಕೂರಬೇಕು, ಹೊರಗಡೆ ಗಾಲಿಗೆ ತನ್ನದೇ ಅಂಚು ಕೊಡಬೇಕು. 3 ಮಿ.ಮೀ ತಗಡಾದರೆ ಹಬ್ಬಿನ ಅಂಚೇ ಸ್ವಲ್ಪ ಉಳಿಯುತ್ತದೆ. ತೊಂದರೆ ಇರುವುದು 7-8 ಮಿ.ಮೀಯಲ್ಲಿ. ಹಬ್ಬಿನ ಅಂಚು ಮುಚ್ಚಿಹೋಗುತ್ತದೆ, ಬಿಲ್ಲೆಗೆ ಸ್ವಂತ ಅಂಚು ಮಾಡುವಷ್ಟು ದಪ್ಪವೂ ಇರುವುದಿಲ್ಲ. ಹೈವೇಯಲ್ಲಿ ವೇಗ ಏರಿದ ಕೂಡಲೇ ನಡುಕ ಶುರು. ವೀಲ್ ಬ್ಯಾಲೆನ್ಸಿಂಗ್‌ಗೆ ಎಷ್ಟು ದುಡ್ಡು ಸುರಿದರೂ ಅದು ಹೋಗುವುದಿಲ್ಲ.

ನಮ್ಮೂರಲ್ಲಿ ಇನ್ನೊಂದು ಆಮಿಷ ಇದೆ. ಉದ್ಯಮಬಾಗ್‌ನಲ್ಲಿ ಫೌಂಡ್ರಿಗೂ ಲೇತಿಗೂ ಬರ ಇಲ್ಲ, ಒಂದು ಮಧ್ಯಾಹ್ನದಲ್ಲಿ ಬಿಲ್ಲೆ ಕಡೆದು ಕೊಡುತ್ತಾರೆ. ಕೊಡಲಿ, ಕೈ ಚೆನ್ನಾಗಿರುವವರೇ ಇದ್ದಾರೆ. ಆದರೆ ಕಚ್ಚಾ ಮಾಲು 6061-ಟಿ6 ಅನ್ನುವ ಗಟ್ಟಿ ದರ್ಜೆಯ ಅಲ್ಯೂಮಿನಿಯಂ ಆಗಿರಬೇಕು, ಎರಡೂ ಮುಖ ಸಮಾನಾಂತರ ಇದೆಯಾ ಅಂತ ಡಯಲ್ ಗೇಜ್ ಇಟ್ಟು ತೋರಿಸಬೇಕು. ಗುಜರಿ ಕರಗಿಸಿ ಎರಕ ಹೊಯ್ದ ಬಿಲ್ಲೆ ಪುಕ್ಕಟೆ ಕೊಟ್ಟರೂ ಬೇಡ, ಏಟು ಬಿದ್ದರೆ ಬಿರುಕು ಬಿಡುತ್ತದೆ. ಬಿಲ್ಲೆ ಬದಲು ವಾಷರ್ ಪೇರಿಸುವವರಿಗೆ ನಾನು ಹೇಳುವುದು ಇಷ್ಟೇ: ಬಸ್ಸಿನಲ್ಲಿ ಓಡಾಡಿ.

ಈಗ ಬೋಲ್ಟ್. ಪಾಲಿಯೊ, ಆಕ್ಟೇವಿಯಾಗಳಲ್ಲಿ ಬೋಲ್ಟ್ ಹಬ್ ಒಳಗೆ ಹೋಗುತ್ತದೆ. 15 ಮಿ.ಮೀ ಬಿಲ್ಲೆ ಹಾಕಿದರೆ ಬೋಲ್ಟೂ ಹಳೆಯದಕ್ಕಿಂತ 15 ಮಿ.ಮೀ ಹೆಚ್ಚು ಉದ್ದ ಇರಬೇಕು. ಹಳೆಯದು 27 ಇದ್ದರೆ ಹೊಸದು 42. ಹಳೆ ಬೋಲ್ಟ್‌ನಲ್ಲೇ ಬಿಗಿದರೂ ಮೊದಲ ದಿನ ಗೊತ್ತಾಗುವುದಿಲ್ಲ, ಎರಡು-ಮೂರು ಸುತ್ತು ಕಚ್ಚಿದರೂ ಪಾನಾಗೆ ಬಿಗಿ ಅನ್ನಿಸುತ್ತದಲ್ಲ! ಅದಕ್ಕೇ ಸುತ್ತು ಎಣಿಸಿ. ಸ್ಪೇಸರ್ ಇಲ್ಲದೆ, ಗಾಲಿ ಹಾಕಿ, ಕೈಯಿಂದಲೇ ಒಂದು ಬೋಲ್ಟ್ ತಿರುಗಿಸಿ ಎಷ್ಟು ಸುತ್ತು ಹೋಯಿತು ಅಂತ ಬರೆದಿಡಿ. ಸ್ಪೇಸರ್ ಹಾಕಿದ ಮೇಲೂ ಅಷ್ಟೇ ಬರಬೇಕು. ದಾರ ಕನಿಷ್ಠ ಬೋಲ್ಟಿನ ದಪ್ಪದಷ್ಟಾದರೂ ಕಚ್ಚಬೇಕು ಅನ್ನುವುದು ಲೆಕ್ಕ. ಪಾಲಿಯೊದ ಎಂ12x1.25ಕ್ಕೆ (12 ಮಿ.ಮೀ ದಪ್ಪ, ಸುತ್ತಿಗೆ 1.25 ಮಿ.ಮೀ) ಹತ್ತಿರ ಹತ್ತಿರ 10 ಸುತ್ತು, ಆಕ್ಟೇವಿಯಾದ ಎಂ14x1.5ಕ್ಕೆ 9 ದಾಟಬೇಕು.

ಉದ್ದ ಸರಿ ಇದ್ದರೂ ತಲೆಯ ಆಕಾರ ಕೈಕೊಡಬಹುದು. ಆಕ್ಟೇವಿಯಾದ ಮೂಲ ಗಾಲಿಯಲ್ಲಿ ಬೋಲ್ಟ್ ಕೂರುವ ಜಾಗ ಉರುಟು, ಮಾರುಕಟ್ಟೆಯಲ್ಲಿ ಸಿಗುವ ಉದ್ದ ಬೋಲ್ಟ್‌ಗಳಲ್ಲಿ ಬಹಳಷ್ಟು ಶಂಕುವಿನ ಆಕಾರದವು. ಬೋಲ್ಟ್ ತಲೆಯ ಕೆಳಗೆ ಮಾರ್ಕರ್ ಪೆನ್ನಿಂದ ಬಣ್ಣ ಬಳಿಯಿರಿ, ಬಿಗಿಯಿರಿ, ಬಿಚ್ಚಿ ನೋಡಿ. ಬಣ್ಣ ಅಗಲವಾದ ಪಟ್ಟಿಯಾಗಿ ಅಳಿಸಿದ್ದರೆ ಸರಿ. ಕೂದಲೆಳೆಯಷ್ಟು ಗೆರೆ ಮಾತ್ರ ಅಳಿಸಿದ್ದರೆ ಆ ಬೋಲ್ಟ್ ವಾಪಸ್ ಕೊಡಿ. ನಾಳೆ ಸಡಿಲಾಗುವುದು ಅದೇ.

ತೀರಾ ಉದ್ದವೂ ಆಗಬಾರದು. ಹಬ್ಬಿನ ಹಿಂದೆ ಇಣುಕಿದ ಬೋಲ್ಟ್ ತುದಿ ಹ್ಯಾಂಡ್‌ಬ್ರೇಕ್ ಸಾಮಾನಿಗೆ ತಾಗಬಹುದು. ಬಿಗಿದ ಮೇಲೆ, ಜಾಕ್ ಇಳಿಸುವ ಮೊದಲು, ಗಾಲಿಯನ್ನು ಕೈಯಿಂದ ತಿರುಗಿಸಿ ಕಿವಿ ಕೊಡಿ. ಟಕ್ ಟಕ್ ಅಂದರೆ ಅಲ್ಲೇ ನಿಲ್ಲಿಸಿ.

ಸಿಟಿಯ ಕತೆ ಬೇರೆ, ಅಲ್ಲಿ ಸ್ಟಡ್ (ಹಬ್‌ನಲ್ಲೇ ಕೂತು ಹೊರಗೆ ಚಾಚಿದ ಬೋಲ್ಟ್) ಮತ್ತು ನಟ್. ನಟ್ ಒಳಗೆ ಕನಿಷ್ಠ 8 ಸುತ್ತು ಬೇಕು. 10 ಮಿ.ಮೀ ಬಿಲ್ಲೆ ಹಾಕುವುದಾದರೆ ಉದ್ದ ಸ್ಟಡ್ ಹಾಕಿಸಲೇಬೇಕು, ಅದೂ ಪ್ರೆಸ್‌ನಲ್ಲಿ. ಹಬ್ ಕಾರಿನಲ್ಲೇ ಇರುವಾಗ ಸುತ್ತಿಗೆ ಎತ್ತುವ ಮೆಕ್ಯಾನಿಕ್ ಕೈಯಿಂದ ಕಾರು ವಾಪಸ್ ತನ್ನಿ, ಏಟು ಬೀಳುವುದು ಬೇರಿಂಗಿಗೆ. ತನ್ನದೇ ಸ್ಟಡ್ ಇರುವ ಬೋಲ್ಟ್-ಆನ್ ಬಿಲ್ಲೆಯೂ ಸಿಗುತ್ತದೆ. ಅದು 20 ಮಿ.ಮೀಗಿಂತ ತೆಳ್ಳಗಿದ್ದರೆ ಹಳೆ ಸ್ಟಡ್ ತುದಿ ಹೊರಗೆ ಇಣುಕಿ ಗಾಲಿಯನ್ನು ಎತ್ತಿಹಿಡಿಯಬಹುದು. ನನಗಂತೂ ಉದ್ದ ಸ್ಟಡ್ಡೇ ಇಷ್ಟ.

ಜಾಕ್ ಏರಿಸಿ, ಸ್ಟ್ಯಾಂಡ್ ಕೊಟ್ಟು, ಗಾಲಿ ಬಿಚ್ಚಿ. ಹಬ್ ಮುಖವನ್ನು ವೈರ್ ಬ್ರಷ್‌ನಿಂದ ಹೊಳೆಯುವ ತನಕ ಉಜ್ಜಿ. ನಮ್ಮ ಮಳೆಗೆ ಅಲ್ಲಿ ತುಕ್ಕಿನ ಪದರವೇ ಕಟ್ಟಿರುತ್ತದೆ, ಅದರ ಮೇಲೆ ಬಿಲ್ಲೆ ಇಟ್ಟರೆ ತುಕ್ಕು ಪುಡಿಯಾದಂತೆಲ್ಲ ಬಿಗಿ ಇಳಿಯುತ್ತದೆ. ಬಿಲ್ಲೆಯನ್ನು ಕೈಯಿಂದ ಒತ್ತಿ ನೋಡಿ, ಒಂಚೂರೂ ಅಲುಗಬಾರದು. ದಾರಕ್ಕೆ ಎಣ್ಣೆ ಹಚ್ಚಬೇಡಿ. ಎಣ್ಣೆ ಇದ್ದರೆ ಟಾರ್ಕ್ ರೆಂಚ್ (ತಿರುಗಿಸುವ ಬಲ ಅಳೆಯುವ ಪಾನಾ) ಒಂದು ಹೇಳುತ್ತದೆ, ಬೋಲ್ಟ್ ಅದಕ್ಕಿಂತ ಜಾಸ್ತಿ ಎಳೆದಿರುತ್ತದೆ.

ಎದುರುಬದುರಾಗಿ, ಎರಡು ಹಂತದಲ್ಲಿ ಬಿಗಿಯಿರಿ. ಆಕ್ಟೇವಿಯಾಗೆ 120 ನ್ಯೂಟನ್ ಮೀಟರ್, ಸಿಟಿಗೆ 108. ಕೊನೆಯ ಬಿಗಿ ಟೈರ್ ನೆಲ ಮುಟ್ಟಿದ ಮೇಲೆ. ಇಂಪ್ಯಾಕ್ಟ್ ಗನ್ ಹತ್ತಿರವೂ ಬರಬಾರದು. ನಂತರ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಟೈರ್ ಎಲ್ಲೂ ಉಜ್ಜುತ್ತಿಲ್ಲ ಅಂತ ನೋಡಿ. ಹಿಂದೆ ಮೂರು ಜನ ಕೂರಿಸಿಕೊಂಡು ಹಂಪ್ ಹತ್ತಿಸಿ. ಖಾನಾಪುರಕ್ಕೆ ಹೋಗಿಬಂದರೆ ಸುಮಾರು 50 ಕಿ.ಮೀ ಆಗುತ್ತದೆ. ಬಂದ ಮೇಲೆ, ಗಾಲಿ ತಣ್ಣಗಾದಾಗ, ಮತ್ತೆ ರೆಂಚ್ ಹಾಕಿ.

ಒಂದು ವಿಷಯ ಅಂಗಡಿಯವನು ಹೇಳುವುದೇ ಇಲ್ಲ. ಪಂಕ್ಚರ್ ಆಗಿ ಸ್ಟೆಪ್ನಿ ಹಾಕುವಾಗ ಬಿಲ್ಲೆ ತೆಗೆದರೆ ಉದ್ದ ಬೋಲ್ಟ್ ಉಪಯೋಗಕ್ಕೆ ಬರುವುದಿಲ್ಲ, ಅದು ಒಳಗೆ ಹೋಗಿ ಬ್ರೇಕಿಗೆ ತಾಗುತ್ತದೆ. ಹಳೆ ಬೋಲ್ಟ್‌ಗಳನ್ನು ಒಂದು ಚೀಲದಲ್ಲಿ ಹಾಕಿ ಸ್ಟೆಪ್ನಿ ಗುಂಡಿಯಲ್ಲೇ ಇಡಿ. ಜೊತೆಗೆ 'ಬಿಲ್ಲೆ ಇಲ್ಲದಾಗ ಇವು' ಅಂತ ಒಂದು ಚೀಟಿ. ಘಾಟಿಯಲ್ಲಿ ರಾತ್ರಿ ಸಿಗುವ ಪಂಕ್ಚರ್ ಹುಡುಗನಿಗೆ ನಿಮ್ಮ ಲೆಕ್ಕ ಗೊತ್ತಿರುವುದಿಲ್ಲ.