ಶೇ 1ರ ಬೋರ್ಡೋ: ಆ ‘ಒಂದು’ ಎಷ್ಟರಲ್ಲಿ ಒಂದು?

ಮುಂಗಾರು ಹತ್ತಿರ ಬಂತೆಂದರೆ ಮಲೆನಾಡು, ಕರಾವಳಿಯ ಅಡಿಕೆ ತೋಟಗಳಲ್ಲಿ ಒಂದೇ ಮಾತು: ‘ಔಷಧಿ ಹೊಡೆದಾಯ್ತಾ?’ ಔಷಧಿ ಅಂದರೆ ಅಡಿಕೆಯ ಕೊಳೆರೋಗ ತಡೆಯಲು ಹೊಡೆಯುವ ಬೋರ್ಡೋ. ಮೈಲುತುತ್ತ (ತಾಮ್ರದ ಸಲ್ಫೇಟಿನ ನೀಲಿ ಹರಳು), ಸುಣ್ಣ, ನೀರು, ಅಷ್ಟೇ. ಶೇ 1ರ ದ್ರಾವಣ ಇರಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಆದರೆ 200 ಲೀಟರ್ ಬ್ಯಾರಲ್‌ಗೆ ಒಂದೇ ಕೆ.ಜಿ. ಮೈಲುತುತ್ತ ಸುರಿದು, ‘ಔಷಧಿ ಹೊಡೆದರೂ ಕೊಳೆ ಬಂತು’ ಅನ್ನುವವರೂ ಇದ್ದಾರೆ. ಅವರು ಹೊಡೆದದ್ದು ಶೇ 0.5ರ ದ್ರಾವಣ!

ಶಾಲೆಯಲ್ಲಿ ಇದನ್ನೇ ದ್ರಾವಣದ ಸಾರತೆ ಎಂದು ಓದಿರುತ್ತೇವೆ. ಕರಗುವ ವಸ್ತು ದ್ರಾವ್ಯ, ಕರಗಿಸುವ ನೀರು ದ್ರಾವಕ, ಎರಡೂ ಸೇರಿದ್ದು ದ್ರಾವಣ. ಇಷ್ಟು ದ್ರಾವಣದಲ್ಲಿ ಎಷ್ಟು ದ್ರಾವ್ಯ ಇದೆ ಅನ್ನುವುದೇ ಸಾರತೆ. ಪಾತ್ರೆ ತುಂಬ ಇರುವ ಪಾನಕಕ್ಕೂ ಅದರಿಂದ ಬಗ್ಗಿಸಿದ ಒಂದು ಲೋಟಕ್ಕೂ ಸಿಹಿ ಒಂದೇ ಅಲ್ವಾ, ಹಾಗೆ.

ಶೇಕಡಾ ಲೆಕ್ಕ ಹಾಕುವುದು ಒಟ್ಟು ದ್ರಾವಣದ ಮೇಲೆ, ನೀರಿನ ಮೇಲಲ್ಲ. 10 ಗ್ರಾಂ ಉಪ್ಪಿಗೆ 90 ಗ್ರಾಂ ನೀರು ಸೇರಿಸಿದರೆ ಶೇ 10. ಅದೇ 10 ಗ್ರಾಂ ಉಪ್ಪನ್ನು 100 ಗ್ರಾಂ ನೀರಿಗೆ ಹಾಕಿದರೆ ಒಟ್ಟು 110 ಗ್ರಾಂ ಆಗುತ್ತದೆ, ಸಾರತೆ ಸುಮಾರು ಶೇ 9.1ಕ್ಕೆ ಇಳಿಯುತ್ತದೆ. ಪರೀಕ್ಷೆಯಲ್ಲಿ ಅಂಕ ಹೋಗುವುದು ಇಲ್ಲೇ. ತೋಟದಲ್ಲಿ ಇಷ್ಟು ಸೂಕ್ಷ್ಮ ಬೇಡ. ಅಲ್ಲಿ ತೂಕ ಮತ್ತು ಅಳತೆಯ ಲೆಕ್ಕ: 100 ಲೀಟರಿಗೆ 1 ಕೆ.ಜಿ., ಅಂದರೆ ಲೀಟರಿಗೆ 10 ಗ್ರಾಂ. ಬೆನ್ನಿಗೆ ಹಾಕುವ 16 ಲೀಟರಿನ ಸ್ಪ್ರೇಯರ್‌ಗೆ 160 ಗ್ರಾಂ, 200 ಲೀಟರ್ ಬ್ಯಾರಲ್‌ಗೆ 2 ಕೆ.ಜಿ. ಈ ಲೆಕ್ಕದಲ್ಲಿ ಬರುವುದು ಮೈಲುತುತ್ತ ಮಾತ್ರ. ಸುಣ್ಣ ಅಷ್ಟೇ ತೂಕದ್ದು, ಬೇರೆಯಾಗಿ.

ಈಗ 100 ಲೀಟರ್ ಮಾಡೋಣ. ಪ್ಲಾಸ್ಟಿಕ್ ಡ್ರಮ್ ತೆಗೆದುಕೊಳ್ಳಿ. ಕಬ್ಬಿಣದ್ದು, ತಗಡಿನದ್ದು ಬೇಡ, ತಾಮ್ರವೆಲ್ಲ ಅದರ ಮೇಲೆ ಕೂತುಬಿಡುತ್ತದೆ. ಒಂದು ಡ್ರಮ್‌ನಲ್ಲಿ 50 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ. ಹರಳುಗಳನ್ನು ತಳಕ್ಕೆ ಸುರಿದರೆ ಗಂಟೆಗಟ್ಟಲೆ ಅಲ್ಲೇ ಬಿದ್ದಿರುತ್ತವೆ. ಬಟ್ಟೆಯಲ್ಲಿ ಗಂಟು ಕಟ್ಟಿ, ನೀರಿನ ಮೇಲ್ಭಾಗದಲ್ಲಿ ಮುಳುಗುವಂತೆ ತೂಗುಹಾಕಿ. ಗಂಟಿನಿಂದ ನೀಲಿ ಎಳೆ ಎಳೆಯಾಗಿ ಕೆಳಗಿಳಿಯುವುದು ಕಾಣುತ್ತದೆ. ಕರಗಿದ ನೀರು ಭಾರ, ಅದು ಇಳಿದಂತೆ ತಿಳಿನೀರು ಹರಳಿಗೆ ತಾಗುತ್ತದೆ. ಹಾಗಾಗಿ ಬೇಗ ಕರಗುತ್ತದೆ.

ಇನ್ನೊಂದು ಡ್ರಮ್‌ಗೆ 1 ಕೆ.ಜಿ. ಸುಟ್ಟ ಸುಣ್ಣ. ಮೊದಲು ಸ್ವಲ್ಪ ಸ್ವಲ್ಪವೇ ನೀರು ಹಾಕಿ ಅರಳಿಸಿ. ಕೊತಕೊತ ಕುದಿಯುತ್ತದೆ, ಮುಖ ದೂರ ಇಡಿ, ಕೈಗೆ ಗವಸು ಇರಲಿ. ಆರಿದ ಮೇಲೆ ಸೋಸಿ, 50 ಲೀಟರ್ ಆಗುವಷ್ಟು ನೀರು ಸೇರಿಸಿ.

ಈಗ ಎರಡು ಡ್ರಮ್‌ಗಳಲ್ಲಿ ಇರುವುದು ತಲಾ ಶೇ 2. ಸೇರಿದಾಗ ನೀರು ದುಪ್ಪಟ್ಟಾಗಿ ಸಾರತೆ ಅರ್ಧಕ್ಕೆ ಇಳಿಯುತ್ತದೆ, ಶೇ 1 ಬರುವುದು ಹಾಗೆ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ, ಕೋಲಿನಿಂದ ತಿರುಗಿಸುತ್ತಾ ಇರಿ. ಉಲ್ಟಾ ಮಾಡಬೇಡಿ, ಕಣಗಳು ದಪ್ಪವಾಗಿ ಬೇಗ ತಳ ಸೇರುತ್ತವೆ. ಸರಿಯಾಗಿ ಬಂದರೆ ಆಕಾಶನೀಲಿ ಬಣ್ಣ.

ತೂಕ ಸರಿಯಿದ್ದರೂ ಪರೀಕ್ಷೆ ಬಿಡಬೇಡಿ. ನನ್ನ ಪ್ರಕಾರ ಅತಿ ಮುಖ್ಯ ಹಂತ ಇದು, ಅತಿ ಹೆಚ್ಚು ಜನ ಬಿಡುವುದೂ ಇದನ್ನೇ. ಗಾಳಿಗೆ ಇಟ್ಟ ಹಳೇ ಸುಣ್ಣ ತೂಕಕ್ಕೆ ಬರುತ್ತದೆ, ಕೆಲಸಕ್ಕೆ ಬರುವುದಿಲ್ಲ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ಒಂದೆರಡು ನಿಮಿಷ ಅದ್ದಿ. ಅಲಗಿನ ಮೇಲೆ ಕೆಂಪು ಲೇಪ ಕೂತರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ ಎಂದರ್ಥ. ಹಾಗೇ ಹೊಡೆದರೆ ಎಳೆಯ ಭಾಗಗಳು ಸುಡುತ್ತವೆ. ಸುಣ್ಣದ ತಿಳಿ ಸ್ವಲ್ಪ ಸೇರಿಸಿ, ಮತ್ತೆ ಅದ್ದಿ. ಲೇಪ ಬರದಿದ್ದರೆ ಆಯ್ತು.

ಅಂದಹಾಗೆ, ಇದು ಮೊದಲು ಕೆಲಸ ಮಾಡಿದ್ದು ಫ್ರಾನ್ಸಿನ ಬೋರ್ಡೋ ಪ್ರದೇಶದ ದ್ರಾಕ್ಷಿ ಬಳ್ಳಿಗಳ ಮೇಲೆ. ವಿಜ್ಞಾನಿ ಮಿಲಾರ್ಡೆ ಇದನ್ನು ಪ್ರಕಟಿಸಿದ್ದು 1885ರಲ್ಲಿ. ಮೈಸೂರು ಸಂಸ್ಥಾನದಲ್ಲಿ ಅಡಿಕೆ ಕೊಳೆರೋಗಕ್ಕೆ ಇದನ್ನು ಹೊಡೆಯಲು ಹೇಳಿಕೊಟ್ಟವರು ಕೆನಡಾದಿಂದ ಬಂದಿದ್ದ ಲೆಸ್ಲಿ ಕೋಲ್‌ಮನ್.

ರಸಾಯನಶಾಸ್ತ್ರದವರು ಸಿದ್ಧವಾದ ಬೋರ್ಡೋವನ್ನು ದ್ರಾವಣ ಎಂದು ಒಪ್ಪುವುದಿಲ್ಲ. ಇದರಲ್ಲಿ ತಾಮ್ರ ಕರಗಿರುವುದಿಲ್ಲ, ಸಣ್ಣ ಕಣಗಳಾಗಿ ತೇಲುತ್ತಿರುತ್ತದೆ. ಸುಮ್ನೆ ಬಿಟ್ಟರೆ ತಳ ಸೇರುತ್ತದೆ. ಆಗ ಬ್ಯಾರಲ್‌ನ ಮೇಲಿನ ನೀರು ತೆಳು, ತಳದ್ದು ಗಟ್ಟಿ, ನೀವು ಅಳೆದ ಶೇ 1 ಎಲ್ಲೂ ಇರುವುದಿಲ್ಲ. ಅದಕ್ಕೇ ಹೊಡೆಯುವಾಗಲೂ ಒಬ್ಬರು ತಿರುಗಿಸುತ್ತಲೇ ಇರಬೇಕು. ಮಾಡಿದ್ದನ್ನು ಅಂದೇ ಮುಗಿಸಿ. 40–45 ದಿನ ಬಿಟ್ಟು ಎರಡನೇ ಸಲ ಹೊಡೆಯುವಾಗ ಹೊಸದಾಗಿಯೇ ಮಾಡಿಕೊಳ್ಳಿ.