ಫಲಕದ ಮೇಲೆ ಕುಳ್ಳಾದ ಹತ್ತಿ

ರಾಯಚೂರಿನ ಗಂಜ್‌ನಲ್ಲಿ ಪರಿಚಯದ ಸಾಹುಕಾರರೊಬ್ಬರ ಅಡತ್ ಅಂಗಡಿಯಿದೆ. ಅಂದಿನ ಧಾರಣೆ ಬಾಗಿಲ ಮೇಲಿನ ಕೆಂಪು ದೀಪಗಳ ಫಲಕದಲ್ಲಿ ಕನ್ನಡದಲ್ಲಿಯೇ ಮೂಡಬೇಕು ಎಂಬುದು ಅವರ ಹಟ. "ಹತ್ತಿ ತಂದವನಿಗೆ ಕಾಟನ್ ಎಂದು ತೋರಿಸುತ್ತೀಯೇನಪ್ಪ?" ಎಂದರು. ಒಪ್ಪಿಕೊಂಡೆ.

ತಂದದ್ದು ಪಿ10 ಫಲಕ. 32 ಕಂಬಸಾಲು, 16 ಅಡ್ಡಸಾಲು, ಒಟ್ಟು 512 ದೀಪ. ದೀಪಕ್ಕೊಂದು ಬಿಟ್, ಎಂಟು ಬಿಟ್‌ಗೊಂದು ಬೈಟ್‌ನಂತೆ ಇಡೀ ಚಿತ್ರ 64 ಬೈಟ್‌ನಲ್ಲಿ ಮುಗಿಯುತ್ತದೆ. ನಡೆಸುವುದು ಆರ್ಡುಯಿನೋ ಊನೋ ಎಂಬ, ಚಿಪ್ ಕೂತ ಸಣ್ಣ ಹಲಗೆ. ಅದಕ್ಕೆ ಕನ್ನಡ ಜೋಡಿಸಲು ಬಾರದು. ‘ಹತ್ತಿ’ ನಮ್ಮ ಕಣ್ಣಿಗೆ ಎರಡಕ್ಷರ, ಯೂನಿಕೋಡ್‌ನಲ್ಲಿ ಐದು ಸಂಕೇತ, ಅವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ 15 ಬೈಟ್. ಒತ್ತು ಎಲ್ಲಿ ಇಳಿಯಬೇಕು, ಗುಡಿಸು ಎಲ್ಲಿ ಏರಬೇಕು ಎಂಬ ಲೆಕ್ಕವನ್ನು ಆ ಪುಟ್ಟ ಚಿಪ್‌ನ ತಲೆಗೆ ಕಟ್ಟುವ ಬದಲು ಲ್ಯಾಪ್‌ಟಾಪ್‌ನಲ್ಲಿ ಪದದ ಚಿತ್ರ ಬರೆಸಿ, ಚಿತ್ರವನ್ನೇ ಸಿ ಪ್ರೋಗ್ರಾಮಿಂಗ್ ಭಾಷೆಯ ಸರಣಿ (ಅಂಕೆಗಳ ಪಟ್ಟಿ) ಆಗಿಸುವುದು ಲೇಸೆನಿಸಿತು.

ಪದಗಳನ್ನು ಸಾಲಿಗೊಂದರಂತೆ ಕಡತದಲ್ಲಿ ಬರೆದೆ. ಆಜ್ಞೆಗಳ ಪಟ್ಟಿಯಾದ ಶೆಲ್ ಸ್ಕ್ರಿಪ್ಟ್ ಒಂದೊಂದನ್ನೇ ಎತ್ತಿ ಚಿತ್ರ ಬರೆಯುವ ಇಮೇಜ್‌ಮ್ಯಾಜಿಕ್ ತಂತ್ರಾಂಶಕ್ಕೆ ಕೊಡುತ್ತದೆ. ಅಲ್ಲಿ ಅಕ್ಷರ ಜೋಡಿಸುವ ಪ್ಯಾಂಗೋ ಮೂಲಕವೇ ಹೋಗಬೇಕಾಯಿತು. ಸಾದಾ ದಾರಿ ಹಿಡಿದಾಗ ನನ್ನ ಲ್ಯಾಪ್‌ಟಾಪ್ ‘ಹತ್‌ತಿ’ ಎಂದು ಒತ್ತನ್ನು ಬಿಡಿಸಿಟ್ಟಿತ್ತು.

ಚಿತ್ರಕ್ಕೆ ಮೊದಲು ಎಕ್ಸ್‌ಬಿಎಂ ರೂಪ ಆರಿಸಿಕೊಂಡೆ. ಅದು ಹುಟ್ಟುತ್ತಲೇ ಸಿ ಸರಣಿ, ಪರಿವರ್ತನೆಯ ಗೊಡವೆಯೇ ಇಲ್ಲ ಎಂಬ ಸೋಮಾರಿ ಲೆಕ್ಕಾಚಾರ. ಆದರೆ ಅದರಲ್ಲಿ ಎಡತುದಿಯ ಚುಕ್ಕಿ ಬೈಟ್‌ನ ಕೊನೆಯ ಬಿಟ್. ನನ್ನ ಪ್ರೋಗ್ರಾಂ ಓದುವುದು ಮೊದಲ ಬಿಟ್‌ನಿಂದ. ಎಂಟೆಂಟು ಚುಕ್ಕಿಗಳ ತುಂಡುಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿ ನಿಂತವು. ಎಡತುದಿಯ ಚುಕ್ಕಿಯೇ ಮೊದಲ ಬಿಟ್ ಆಗಿರುವ ಪಿಬಿಎಂ ರೂಪಕ್ಕೆ ಬದಲಾಯಿಸಿದೆ. ಅದರ ತಲೆಬರಹವನ್ನು ಬಿಡಿಸುವ ತಲೆನೋವು ಬೇಡವೆಂದು ಟೇಲ್ ಆಜ್ಞೆಯಿಂದ ಕೊನೆಯ 64 ಬೈಟ್ ಮಾತ್ರ ಕತ್ತರಿಸಿಕೊಂಡೆ.

ಇನ್ನುಳಿದದ್ದು ಬೈಟ್‌ಗಳನ್ನು ಹೆಕ್ಸ್ (ಹದಿನಾರರ ಎಣಿಕೆಯ) ಅಂಕೆಗಳಾಗಿ ಮುದ್ರಿಸುವುದು. ಓ.ಡಿ. ಆಜ್ಞೆಗೆ ಸಾಲಿಗೆ ನಾಲ್ಕು ಬೈಟ್ ಎಂದು ಹೇಳಿದರೆ ಅದರ ಒಂದು ಸಾಲು ಫಲಕದ ಒಂದು ಅಡ್ಡಸಾಲಿಗೆ ಸರಿಹೊಂದುತ್ತದೆ. ನಡುನಡುವೆ ನಕ್ಷತ್ರ ಚಿಹ್ನೆಗಳು ಬಂದವು, ಪ್ರೋಗ್ರಾಂ ಅನ್ನು ಚಿಪ್‌ನ ಭಾಷೆಗೆ ತಿರುಗಿಸುವ ಕಂಪೈಲರ್ ತಕರಾರು ತೆಗೆಯಿತು. ಏನೋ ಕಸವಿರಬೇಕೆಂದು ಸೆಡ್ ಆಜ್ಞೆಯಿಂದ ಅವನ್ನು ಅಳಿಸಿದೆ. ಕಂಪೈಲರ್ ತಣ್ಣಗಾಯಿತು.

ಅಂಗಡಿಯಲ್ಲಿ ಫಲಕ ಹಚ್ಚಿದರೆ ಹತ್ತಿ ಕುಳ್ಳಾಗಿ ಮೇಲ್ಭಾಗಕ್ಕೆ ಅಂಟಿಕೊಂಡಿದೆ, ಕೆಳಗೆಲ್ಲ ಕತ್ತಲು. "ತೂಕದಲ್ಲಿ ಕಳೆದದ್ದು ಸಾಲದೆಂದು ಎತ್ತರದಲ್ಲಿಯೂ ಕಳೆದೆಯಾ?" ಎಂದು ಸಾಹುಕಾರರು ನಕ್ಕರು. ಹಮಾಲರೂ ನಕ್ಕರು. ವೈರಿಂಗ್ ಬಿಚ್ಚಿ ಕಟ್ಟಿದ್ದರಲ್ಲಿ ಎರಡು ಸಂಜೆ ಹೋದವು. ತಪ್ಪು ಆ ನಕ್ಷತ್ರದಲ್ಲಿತ್ತು: ಹಿಂದಿನಂಥದೇ ಸಾಲು ಮತ್ತೆ ಬಂದರೆ ಓ.ಡಿ. ಅದನ್ನು ಮುದ್ರಿಸದೆ ಒಂದು ನಕ್ಷತ್ರ ಇಟ್ಟು ಮುಂದೆ ಹೋಗುತ್ತದೆ. ಅಕ್ಷರದ ನೆಟ್ಟನೆಯ ಗೆರೆಗಳೆಂದರೆ ಒಂದೇ ಬಗೆಯ ಸಾಲುಗಳ ಸರದಿ ತಾನೆ? ಅವೇ ಮಾಯವಾಗಿದ್ದವು. 64 ತುಂಬದ ಸರಣಿಯ ಬಾಲಕ್ಕೆ ಸಿ ಸೊನ್ನೆ ತುಂಬಿ ಸುಮ್ಮನಿತ್ತು. ಯಾವ ಸಾಲನ್ನೂ ಬಿಡಬೇಡ ಎನ್ನುವ ‘ಮೈನಸ್ ವಿ’ಯನ್ನು ಓ.ಡಿ.ಗೆ ಸೇರಿಸಿದೊಡನೆ ಹತ್ತಿ ಎತ್ತರಕ್ಕೆ ಬೆಳೆಯಿತು. ಈಗ ಸ್ಕ್ರಿಪ್ಟ್ ಪ್ರತಿ ಪದದ ಬೈಟ್ ಎಣಿಸುತ್ತದೆ; 64 ಆಗದಿದ್ದರೆ ಅಲ್ಲಿಯೇ ನಿಲ್ಲುತ್ತದೆ.

ಪದಗಳು 40 ಆದಾಗ 2,560 ಬೈಟ್ ಬೇಕಾಯಿತು, ಊನೋದ ರ್ಯಾಮ್ ಇರುವುದು 2,048. ಸರಣಿಗಳ ಹಿಂದೆ ‘ಪ್ರೋಗ್‌ಮೆಮ್’ ಎಂದು ಸ್ಕ್ರಿಪ್ಟೇ ಬರೆಯುವಂತೆ ಮಾಡಿ ಪ್ರೋಗ್ರಾಂ ಇರುವ ಫ್ಲ್ಯಾಶ್ ಮೆಮೊರಿಗೆ ದಾಟಿಸಿದೆ.

ತೊಗರಿ ಹೇಗೋ 32 ಕಂಬಸಾಲುಗಳಲ್ಲಿ ಹಿಡಿಸಿತು. ಮೆಣಸಿನಕಾಯಿಗೆ ಎರಡನೆಯ ಫಲಕ ಜೋಡಿಸಿ, ಬೈಟ್ ಎಣಿಕೆಯನ್ನು 128ಕ್ಕೆ ಏರಿಸಿದ್ದೇನೆ. ಸಾಹುಕಾರರು ಈಗ ‘ಒಣಮೆಣಸಿನಕಾಯಿ’ ಎಂದೇ ಬರೆಯಬೇಕು ಎನ್ನುತ್ತಿದ್ದಾರೆ.